ಮುಳ್ಳು ವಾಪಸ್ ಬರೋವರೆಗೆ ತಡೀರಿ

ಬೆಳಗಿನ ಜಾವ ನಾಲ್ಕೂ ಮುಕ್ಕಾಲು. ಕಾರ್ಖಾನೆಯ ಚಿಕ್ಕ ಗೇಟು ಅರ್ಧ ತೆರೆದಿದೆ. ಕಾವಲುಗಾರ ಕುರ್ಚಿಯಿಂದ ಏಳುವುದಿಲ್ಲ, ತಲೆ ಮಾತ್ರ ಆಡಿಸುತ್ತಾನೆ. ಒಳಗೆ ಬರುವವರಿಗೆ ಐವತ್ತೊಂಬತ್ತು ವರ್ಷ. ಹೆಗಲಲ್ಲಿ ಬಟ್ಟೆಯ ಚೀಲ, ಕೈಯಲ್ಲಿ ಊಟದ ಡಬ್ಬಿ, ಕಾಲಿಗೆ ಗಂಡಸರ ಅಳತೆಯ ಬೂಟು. ಹೆಂಗಸರ ಅಳತೆಯದು ತರಿಸುತ್ತೇವೆ ಎಂದು ಕಚೇರಿಯವರು ಹೇಳಿ ಒಂಬತ್ತು ವರ್ಷವಾಗಿದೆ. ಅಲ್ಲಿಯವರೆಗೆ ಇರಲಿ ಎಂದು ಅವರು ಎರಡೆರಡು ಜೊತೆ ಕಾಲುಚೀಲ ಹಾಕಿಕೊಂಡು ಬರುತ್ತಾರೆ.

ಕುಲುಮೆ ಕೋಣೆಯಲ್ಲಿ ದೀಪ ಹಾಕಿದ ಮೇಲೆ ಅವರ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ತಣ್ಣೀರು ಹರಿಯುವ ಕೊಳಾಯಿಗೆ ಕೈಯ ಹಿಂಬದಿ ತಾಗಿಸಿ ನೋಡುತ್ತಾರೆ. ಆಮೇಲೆ, ಇಡೀ ರಾತ್ರಿ ಕುಲುಮೆಯೊಳಗಿನ ಗಾಳಿಯನ್ನು ಎಳೆದು ಹೊರಹಾಕುತ್ತಿದ್ದ ಪಂಪಿನ ಸದ್ದಿಗೆ ಕಿವಿಗೊಡುತ್ತಾರೆ. ಕೊನೆಗೆ, ಒಳಗೆ ಎಷ್ಟು ಗಾಳಿ ಉಳಿದಿದೆ ಎಂದು ತೋರಿಸುವ, ಊಟದ ತಟ್ಟೆಯಷ್ಟು ದೊಡ್ಡ ಮಾಪಕದ ಮುಂದೆ ಬಗ್ಗುತ್ತಾರೆ. ಮುಳ್ಳು ಎಡತುದಿಯಲ್ಲಿ ಅಲ್ಲಾಡದೆ ನಿಂತಿದೆ. ಕಿವಿಯ ಹಿಂದೆ ಸಿಕ್ಕಿಸಿಕೊಂಡ ಬಿಳಿ ಮೇಣದ ಪೆನ್ಸಿಲ್ ತೆಗೆದು, ಅದು ನಿಂತ ಜಾಗಕ್ಕೆ ಸರಿಯಾಗಿ ಗಾಜಿನ ಮೇಲೆ ಒಂದು ಸಣ್ಣ ಗೀಟು ಎಳೆಯುತ್ತಾರೆ. ನಂತರ ಸ್ವಿಚ್ಚು ಒತ್ತುತ್ತಾರೆ, ಮೇಜಿನ ಮೇಲಿನ ದಪ್ಪ ಪುಸ್ತಕ ತೆರೆದು ಏನೋ ಬರೆಯುತ್ತಾರೆ.

ಅವರ ಬಗ್ಗೆ ಲೇಖನ ಬರೆಯಲು ಬಂದಿರುವ ನಾನು ಕುತೂಹಲದಿಂದ ಒಂದು ಗುಂಡಿಯ ಕಡೆ ಬೆರಳು ಚಾಚುತ್ತೇನೆ.

“ತಡೀರಿ!”

ಕೈ ತಾನಾಗಿ ಹಿಂದೆ ಬರುತ್ತದೆ. ಈ ಒಂದು ಶಬ್ದವೇ ಅವರ ಹೆಸರಾಗಿದೆ. ಮೂವತ್ತೊಂದು ವರ್ಷದಲ್ಲಿ ಕುಲುಮೆಯ ಹತ್ತಿರ ಬಂದ ಯಾರನ್ನೂ ಅವರು ಇದನ್ನು ಹೇಳದೆ ಬಿಟ್ಟಿಲ್ಲ. ಆದ್ದರಿಂದ ಕಾವಲುಗಾರನಿಂದ ಹಿಡಿದು ಮೇಲಧಿಕಾರಿಯವರೆಗೆ ಎಲ್ಲರಿಗೂ ಅವರು ‘ತಡೀರಿ ಅಕ್ಕ’. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿದೆ, ಆದರೆ ಆ ಹೆಸರು ಹಿಡಿದು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲವಂತೆ.

ಇಲ್ಲಿ ತಯಾರಾಗುವುದು ಬೂದುಬಣ್ಣದ, ಒಂದು ತುದಿ ಮುಚ್ಚಿದ ಕೊಳವೆ. ಉಕ್ಕು ಕರಗಿಸುವವರು ಕುದಿಯುವ ಉಕ್ಕಿನ ಕಾವು ಎಷ್ಟಿದೆ ಎಂದು ನೋಡಲು ಉಕ್ಕಿನೊಳಗೆ ಕಾವು ಅಳೆಯುವ ತಂತಿ ಇಳಿಸುತ್ತಾರೆ. ಬರೀ ತಂತಿ ಇಳಿಸಿದರೆ ಕ್ಷಣದಲ್ಲಿ ಇಲ್ಲವಾಗುತ್ತದೆ. ಈ ಕೊಳವೆಯೊಳಗೆ ತೂರಿಸಿ ಇಳಿಸಿದರೆ ಗಂಟೆಗಟ್ಟಲೆ ಬಾಳುತ್ತದೆ. ಜಿರ್ಕೋನಿಯಂ ಮತ್ತು ಬೋರಾನ್ ಸೇರಿದ ಪುಡಿಯಿಂದ ಮಾಡುವ ಈ ಕೊಳವೆಗೆ ಉಕ್ಕಿನ ಕಾವು ಲೆಕ್ಕಕ್ಕಿಲ್ಲ. ಅದು ಕರಗಬೇಕಾದರೆ ಮೂರು ಸಾವಿರದ ಇನ್ನೂರು ಡಿಗ್ರಿ ದಾಟಬೇಕು.

ಕರಗದ ಪುಡಿಯನ್ನು ಕೊಳವೆ ಮಾಡುವುದು ಹೇಗೆ ಎಂಬುದೇ ಇಲ್ಲಿನ ಕಸುಬು. ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಕರಗುವ ಕಾವಿಗಿಂತ ಬಹಳ ಕೆಳಗೆ, ಸಾವಿರದ ಒಂಬೈನೂರು ಡಿಗ್ರಿಯಲ್ಲಿ ಎರಡು ಗಂಟೆ ಇಡುತ್ತಾರೆ. ಸೋಪಿನ ಡಬ್ಬಿಯಲ್ಲಿ ಬಿಟ್ಟ ಎರಡು ಚೂರು ಸೋಪು ಅಂಟಿಕೊಂಡು ಒಂದೇ ಆಗುವ ಹಾಗೆ ಪುಡಿಯ ಕಣಗಳು ಕರಗದೆಯೇ ಬೆಸೆದುಕೊಳ್ಳುತ್ತವೆ. ಮೂವತ್ತು ಸೆಂಟಿಮೀಟರಿನ ಕೊಳವೆ ಕುಗ್ಗಿ ಇಪ್ಪತ್ತೈದಾಗುತ್ತದೆ. ಇಂಜಿನಿಯರು ಇದನ್ನು ಸಿಂಟರಿಂಗ್ ಎನ್ನುತ್ತಾರೆ, ಕೆಲಸಗಾರರು ಬೇಯಿಸುವುದು ಎನ್ನುತ್ತಾರೆ. ಬೇಯಿಸುವ ಮುಂಚೆ ಅದು ‘ಹಸಿ’. ಸರಿಯಾಗಿ ಕುಗ್ಗದೆ ಒಳಗೆಲ್ಲ ತೂತು ತೂತಾಗಿ ಬಂದರೆ ಅದಕ್ಕೆ ಇಲ್ಲಿನವರ ಹೆಸರು ‘ರಸ್ಕು’. ಸ್ಟೀಲ್ ಚಮಚದ ಹಿಡಿಯಿಂದ ತಟ್ಟಿದರೆ ಬೆಂದ ಕೊಳವೆ ಠಣ್ ಎನ್ನುತ್ತದೆ, ರಸ್ಕು ದೊಪ್ ಎನ್ನುತ್ತದೆ. ಚಮಚ ಅಕ್ಕನ ಊಟದ ಡಬ್ಬಿಯದ್ದೇ.

ಬೇಯುವ ದಾರಿಯಲ್ಲಿ ಒಂದು ನಿಲುಗಡೆ ಇದೆ. ಪ್ರತಿ ಕಣದ ಮೈಮೇಲೂ ಗಾಳಿ ತಗುಲಿ ಹುಟ್ಟಿದ ತೆಳು ಪೊರೆ ಇರುತ್ತದೆ, ಅದು ಇರುವ ತನಕ ಕಣಕ್ಕೆ ಕಣ ಸರಿಯಾಗಿ ಬೆಸೆಯುವುದಿಲ್ಲ. ಅದನ್ನು ಕೀಳಲೆಂದು ಪುಡಿಗೆ ಚೂರು ಇಂಗಾಲ ಬೆರೆಸಿರುತ್ತಾರೆ. ಸಾವಿರದ ನಾನೂರ ಐವತ್ತು ಡಿಗ್ರಿಯ ಹೊತ್ತಿಗೆ ಇಂಗಾಲ ಆ ಪೊರೆಯನ್ನು ಹಿಡಿದುಕೊಂಡು ಅನಿಲವಾಗಿ ಹೊರಬೀಳುತ್ತದೆ. ಅನಿಲವೆಲ್ಲ ಹೋಗುವ ಮೊದಲೇ ಕಾವು ಏರಿಸಿದರೆ ತೂತುಗಳು ಮುಚ್ಚಿ, ಅದು ಒಳಗೇ ಸಿಕ್ಕಿಬೀಳುತ್ತದೆ. ಅದಕ್ಕೇ ಅಲ್ಲಿ ಕುಲುಮೆಯನ್ನು ತಡೆದು ನಿಲ್ಲಿಸಬೇಕು. ಎಷ್ಟು ಹೊತ್ತು? ಗೋಡೆಗೆ ಅಂಟಿಸಿದ ವಿಧಾನದ ಹಾಳೆ ಒಂದು ಗಂಟೆ ಎನ್ನುತ್ತದೆ.

ವಾರಕ್ಕೆ ಮೂರು ಸಲ ಬೇಯಿಸುತ್ತಾರೆ. ಸಲಕ್ಕೆ ಮೂವತ್ತು ಕೊಳವೆ. ಅಕ್ಕ ಬೇಯಿಸಿದ ಮೂವತ್ತರಲ್ಲಿ ರಸ್ಕಾಗುವುದು ಒಂದೋ ಎರಡೋ. ಅವರು ರಜೆ ಹಾಕಿದ ದಿನ ಬೇರೆಯವರು, ಅದೇ ಪುಡಿ, ಅದೇ ಕುಲುಮೆ, ಅದೇ ಹಾಳೆ ಇಟ್ಟುಕೊಂಡು ಬೇಯಿಸಿದರೆ ಹದಿನೈದು ಹದಿನೆಂಟು ರಸ್ಕು. ಇದಕ್ಕೆ ಕಾರ್ಖಾನೆ ಕೊಟ್ಟಿರುವ ವಿವರಣೆ ಒಂದೇ ಶಬ್ದದ್ದು: ಕೈಗುಣ. ಪರಿಣಾಮವಾಗಿ ಅವರ ರಜೆ ಹೆಚ್ಚುಕಡಿಮೆ ನಿಂತೇಹೋಗಿದೆ. ಹದಿನಾಲ್ಕು ವರ್ಷದಲ್ಲಿ ಒಟ್ಟಿಗೆ ಮೂರು ದಿನ ಅವರು ಮನೆಯಲ್ಲಿ ಇದ್ದದ್ದಿಲ್ಲ. ತಮ್ಮನ ಮದುವೆಗೆ ಹೋಗಿ ಉಂಡ ಕೈ ತೊಳೆದುಕೊಂಡೇ ಬಸ್ಸು ಹತ್ತಿದರು. ಮಗಳು ಕನ್ನಡಕದ ಅಳತೆ ತೆಗೆಯುವ ವಿದ್ಯೆ ಕಲಿತು ಪ್ರಮಾಣಪತ್ರ ತೆಗೆದುಕೊಂಡ ದಿನ ಇವರು ಕುಲುಮೆಯ ಮುಂದಿದ್ದರು.

“ಬೇಜಾರಿಲ್ವಾ?” ಎಂದು ಕೇಳುತ್ತೇನೆ.

“ಇದೆ,” ಎನ್ನುತ್ತಾರೆ. ಅಷ್ಟೇ. ಸಂದರ್ಶನಕ್ಕೆ ಇಷ್ಟು ಚಿಕ್ಕ ಉತ್ತರ ಕೊಡುವವರು ಕಡಿಮೆ.

ನಾನು ಬಂದಿರುವುದಕ್ಕೆ ಕಾರಣ ಅವರ ನಿವೃತ್ತಿ. ಇನ್ನು ಏಳು ವಾರ ಮಾತ್ರ. ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ತಡವಾಗಿ ಬಾರದ, ಆರು ಗಂಟೆಯ ಪಾಳಿಗೆ ಒಂದೂಕಾಲು ಗಂಟೆ ಮುಂಚೆ ಬರುವ, ಹಾಳೆಯಲ್ಲಿ ಇದ್ದದ್ದನ್ನು ಚಾಚೂ ತಪ್ಪದೆ ಪಾಲಿಸುವ ಕೆಲಸಗಾರ್ತಿ ಎಂದು ಕಚೇರಿಯವರು ನನಗೆ ಕೊಟ್ಟ ಟಿಪ್ಪಣಿಯಲ್ಲಿದೆ. ಬೀಳ್ಕೊಡುಗೆಯ ದಿನ ಕೊಡಲು ‘ಶಿಸ್ತಿನ ಕೆಲಸಗಾರ್ತಿ’ ಎಂದು ಕೆತ್ತಿಸಿದ ಫಲಕವೂ ತಯಾರಾಗಿ ಕಪಾಟಿನಲ್ಲಿದೆ. ಕಾವಲುಗಾರನನ್ನು ಕೇಳಿದರೆ ಅವನೂ ಅದನ್ನೇ ಹೇಳುತ್ತಾನೆ: “ಮಳೆ ಬಂದ್ರೆ ಎಲ್ರೂ ಲೇಟು. ಅಕ್ಕ ಮಾತ್ರ ಮಳೆಗಾಲದಲ್ಲಿ ಇನ್ನೂ ಬೇಗ ಬರ್ತಾರೆ, ನಾಲ್ಕು ಗಂಟೆಗೆಲ್ಲ. ನನ್ನ ನಿದ್ದೆ ಹಾಳು ಮಾಡೋಕೇ ಹುಟ್ಟಿದಾರೆ.”

ಪಕ್ಕದ ಕೋಣೆಯಲ್ಲಿ ಹೊಸ ಕುಲುಮೆ ಬಂದು ನಿಂತಿದೆ. ಅದಕ್ಕೆ ಮುಳ್ಳಿಲ್ಲ, ಪರದೆ ಇದೆ. ಎಷ್ಟು ಹೊತ್ತಿಗೆ ಎಷ್ಟು ಡಿಗ್ರಿ ಎಂದು ಮೊದಲೇ ತುಂಬಿಸಿ ಒಂದು ಗುಂಡಿ ಒತ್ತಿದರೆ ಮುಗಿಯಿತು. ಕೈಗುಣ ನಿವೃತ್ತಿಯಾದರೂ ಕೊಳವೆ ಬೇಯಬೇಕು ಎಂದು ತರಿಸಿದ ಯಂತ್ರ. ಅದರ ಜವಾಬ್ದಾರಿ ಹೊತ್ತ ಇಂಜಿನಿಯರಿಗೆ ಮೂವತ್ತಮೂರು ವರ್ಷ, ಕಣ್ಣಿನ ಕೆಳಗೆ ಕಪ್ಪು. ಅಕ್ಕ ಬರೆದಿಟ್ಟ ಹದಿನಾಲ್ಕು ವರ್ಷದ ಪುಸ್ತಕಗಳನ್ನು ಪುಟ ಪುಟ ಓದಿ ಅವರು ಯಂತ್ರಕ್ಕೆ ತುಂಬಿಸಿದ್ದಾರೆ. ಮೂರು ತಿಂಗಳಲ್ಲಿ ಮೂರು ಪ್ರಯೋಗ ನಡೆದಿದೆ. ಮೊದಲನೆಯದರಲ್ಲಿ ಮೂವತ್ತಕ್ಕೆ ಇಪ್ಪತ್ತೆರಡು ರಸ್ಕು, ಎರಡನೆಯದರಲ್ಲಿ ಇಪ್ಪತ್ತನಾಲ್ಕು, ಮೂರನೆಯದರಲ್ಲಿ ಹತ್ತೊಂಬತ್ತು.

“ಅಕ್ಕನ ಪುಸ್ತಕದಲ್ಲಿ ಇರೋದನ್ನ ಒಂದಕ್ಷರ ಬಿಡದೆ ಹಾಕಿದೀನಿ,” ಎನ್ನುತ್ತಾರೆ ಇಂಜಿನಿಯರು. “ಪುಡಿ ಬದಲಾಯಿಸಿದೆ. ನೀರು ಬದಲಾಯಿಸಿದೆ. ಪುಡಿ ಕಳಿಸಿದವರ ಜೊತೆ ಜಗಳಾನೂ ಆಡಿದೆ. ತಲೆ ಕೆಟ್ಟು ಹೋಗಿದೆ. ಇನ್ನೊಂದು ಪ್ರಯೋಗಕ್ಕೆ ಮಾತ್ರ ಒಪ್ಪಿಗೆ ಇದೆ. ಅದೂ ಹೀಗೇ ಆದ್ರೆ ಕೊಳವೆ ಮಾಡೋದನ್ನೇ ನಿಲ್ಲಿಸ್ತಾರಂತೆ.”

ಕೊಳವೆ ವಿಭಾಗದಲ್ಲಿ ಆರು ಜನ. ಏಳು ವಾರದ ಮೇಲೆ ಅಕ್ಕ ಹೇಗೂ ಮನೆಗೆ ಹೋಗುತ್ತಾರೆ. ಉಳಿದ ಐವರು ಎಲ್ಲಿಗೆ ಹೋಗಬೇಕು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ಇಂಜಿನಿಯರು ಮಾತಾಡುತ್ತಿರುವಾಗ ಅಕ್ಕ ಬಾಗಿಲಲ್ಲೇ ಇದ್ದರು. ಎಲ್ಲ ಕೇಳಿಸಿಕೊಂಡು ಒಳಗೆ ಹೋದರು.

ನನ್ನ ವೃತ್ತಿಯಲ್ಲಿ ಒಂದು ಚಟವಿದೆ, ಎಲ್ಲದಕ್ಕೂ ಗಂಟೆ ಬರೆದುಕೊಳ್ಳುವುದು. ಆ ಬೆಳಿಗ್ಗೆ ನನ್ನ ಪುಸ್ತಕದಲ್ಲಿ ಹೀಗಿದೆ: 4:50ಕ್ಕೆ ಕುಲುಮೆ ಶುರು. 6:50ಕ್ಕೆ ನಿಲುಗಡೆಯ ಕಾವು ಮುಟ್ಟಿತು. ಆಗ ಮಾಪಕದ ಮುಳ್ಳು ನಿಧಾನವಾಗಿ ಬಲಕ್ಕೆ ಏರಿತು, ಒಳಗಿನಿಂದ ಅನಿಲ ಬರುತ್ತಿದೆ ಎಂದರ್ಥ. ಅಕ್ಕ ಮುಕ್ಕಾಲಿ ಎಳೆದುಕೊಂಡು ಅದರ ಮುಂದೆ ಕೂತರು. ನಾನು ಏನು ಕೇಳಿದರೂ ಮುಳ್ಳಿನ ಮೇಲಿನಿಂದ ಕಣ್ಣು ತೆಗೆಯದೆ ಉತ್ತರ ಕೊಟ್ಟರು. ಗೋಡೆಯ ಗಡಿಯಾರ ಅವರ ಬೆನ್ನ ಹಿಂದಿತ್ತು, ಮುಳ್ಳು ಇಳಿಯುವ ತನಕ ತಿರುಗಿ ನೋಡಲಿಲ್ಲ. ಮುಳ್ಳು ಇಳಿದು ಇಳಿದು ಬಿಳಿ ಗೀಟಿಗೆ ಬಂದು ಸೇರಿದಾಗ ಸರಿಯಾಗಿ ಒಂಬತ್ತು. ಎದ್ದು ಕಾವು ಏರಿಸಿದರು. ಗಾಜಿನ ಮೇಲಿನ ಗೀಟನ್ನು ಕರವಸ್ತ್ರದಿಂದ ಒರೆಸಿ ಹಾಕಿದರು.

ಅವರು ನೀರು ಕುಡಿಯಲು ಹೋದಾಗ ಮೇಜಿನ ಮೇಲೆ ತೆರೆದಿದ್ದ ಕುಲುಮೆಯ ಪುಸ್ತಕ ನೋಡಿದೆ. ಅಚ್ಚುಕಟ್ಟಾದ ದುಂಡು ಅಕ್ಷರ. ಶುರು 6:00. ನಿಲುಗಡೆ 8:00. ಏರಿಕೆ 9:00. ನಿಂತದ್ದು ಒಂದು ಗಂಟೆ.

ನಾನು ಹುಳುಕು ಹುಡುಕಲು ಹೋದವಳಲ್ಲ. ನನ್ನ ಗಡಿಯಾರವೇ ಕೆಟ್ಟಿರಬೇಕು ಎಂದುಕೊಂಡೇ ಕೇಳಿದೆ: “ಅಕ್ಕ, ನಾವು ಶುರು ಮಾಡಿದ್ದು ಐದಕ್ಕೂ ಮುಂಚೆ ಅಲ್ವಾ?”

ಅವರು ಲೋಟ ಕೆಳಗಿಟ್ಟರು. ಕುಲುಮೆಯ ಕಡೆ ನೋಡಿದರು, ನನ್ನ ಕೈಯಲ್ಲಿದ್ದ ಪುಸ್ತಕ ನೋಡಿದರು.

“ತಡೀರಿ ಮೇಡಂ,” ಎಂದರು. “ಸಂಜೆ ಮನೆಗೆ ಬನ್ನಿ.”

ಮನೆ ಎರಡನೇ ಮಹಡಿಯಲ್ಲಿದೆ. ಎರಡು ಕೋಣೆ, ಒಂದು ಅಡುಗೆಮನೆ. ಕಿಟಕಿಯ ಬಳಿ ಹೊಲಿಗೆ ಯಂತ್ರ, ಅದರ ಹಿಂದೆ ಅವರ ಯಜಮಾನರು. ಪ್ಯಾಂಟಿನ ಅಂಚು ಮಡಿಸುವುದು, ಜಿಪ್ಪು ಹಾಕುವುದು ಅವರ ಕೆಲಸ. ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಮಾತಾಡಬಲ್ಲವರು. ಮಗಳು ಬಂದು ನೀರು ಕೊಟ್ಟಳು, ಗಲ್ಲದ ಕೆಳಗೆ ಹಳೆಯ ಹೊಲಿಗೆಯ ಗುರುತು.

“ಎಲೆಮರೆಯ ಕಾಯಿ ಅಂತ ಬರೀತೀರಂತೆ ನನ್ನ ಬಗ್ಗೆ,” ಅಕ್ಕ ಶುರು ಮಾಡುತ್ತಾರೆ. “ಕಾಯಿ ಹುಳುಕಾಗಿದ್ರೆ?”

ಆಮೇಲೆ ಮಗಳ ಗಲ್ಲ ತೋರಿಸುತ್ತಾರೆ.

“ಎಲ್ಲಾ ಶುರುವಾಗಿದ್ದು ಇಲ್ಲಿಂದ. ಹದಿನಾಲ್ಕು ವರ್ಷದ ಹಿಂದೆ. ಆಗ ನಾನು ಬೇಯಿಸಿದ್ರೂ ಅರ್ಧಕ್ಕರ್ಧ ರಸ್ಕೇ. ಕೈಗುಣ ಗೀಗುಣ ಏನೂ ಇರ್ಲಿಲ್ಲ. ಒಂದಿನ ನಿಲುಗಡೆ ಮುಟ್ಟಿದೆ, ಫೋನ್ ಬಂತು, ಇವಳು ಸ್ಕೂಲಿನ ಮೆಟ್ಟಿಲ ಮೇಲೆ ಬಿದ್ದಿದಾಳೆ ಅಂತ. ಕುಲುಮೆ ಹಾಗೇ ಬಿಟ್ಟು ಓಡಿದೆ. ನಾಲ್ಕು ಹೊಲಿಗೆ ಹಾಕ್ಸಿ, ಇವರ ಕೈಗೆ ಒಪ್ಪಿಸಿ ವಾಪಸ್ ಬಂದಾಗ ನಿಲುಗಡೆ ಮುಟ್ಟಿ ಎರಡೂ ಮುಕ್ಕಾಲು ಗಂಟೆ ಕಳೆದಿತ್ತು. ಹಿಂದಿನ ತಿಂಗಳಷ್ಟೇ ಹತ್ತು ನಿಮಿಷ ಹೆಚ್ಚುಕಡಿಮೆ ಮಾಡಿದ್ದಕ್ಕೆ ಆಗಿನ ಇಂಜಿನಿಯರು ಒಬ್ಬರನ್ನ ಮನೆಗೆ ಕಳಿಸಿದ್ರು. ಹಾಳೆ ಮೀರಬೇಕು ಅಂದ್ರೆ ಮೊದಲೇ ಬರೆದುಕೊಟ್ಟು ಎರಡು ಸಹಿ ಹಾಕಿಸ್ಕೋಬೇಕು. ನನ್ನ ಹತ್ರ ಒಂದೂ ಇರ್ಲಿಲ್ಲ.”

ಅವರು ಪುಸ್ತಕದಲ್ಲಿ ಒಂದು ಗಂಟೆ ಎಂದು ಬರೆದರು. ಮುಗಿಯುವುದು ತಡವಾದದ್ದಕ್ಕೆ ನೀರಿನ ಪಂಪು ಕೈಕೊಟ್ಟಿತು ಎಂದರು. ಕಾವನ್ನು ತಾನೇ ಗೆರೆ ಎಳೆದು ತೋರಿಸುವ ಪೆನ್ನು ಕುಲುಮೆಗೆ ಇತ್ತು, ಆದರೆ ಅದರ ಮಸಿ ಒಣಗಿ ಆಗಲೇ ವರ್ಷವಾಗಿತ್ತು, ಆಮೇಲೂ ಯಾರೂ ತುಂಬಿಸಲಿಲ್ಲ. ಮರುದಿನ ಕುಲುಮೆ ತೆರೆದು ಚಮಚದಿಂದ ತಟ್ಟುತ್ತಾ ಹೋದರೆ ಮೂವತ್ತಕ್ಕೆ ಮೂವತ್ತೂ ಠಣ್ ಎಂದವು. ಕಾರ್ಖಾನೆಯಲ್ಲಿ ಅದುವರೆಗೆ ಹಾಗಾಗಿರಲಿಲ್ಲ.

“ಇಂಜಿನಿಯರು ಓಡಿ ಬಂದ್ರು. ಏನ್ ಮಾಡಿದ್ರಿ ಅಂದ್ರು. ಏನೂ ಮಾಡ್ಲಿಲ್ಲ ಸಾರ್ ಅಂದೆ. ಅದು ನಿಜಾನೇ ಅಲ್ವಾ? ಏನೂ ಮಾಡದೆ ಹೋಗಿದ್ದಕ್ಕೇ ಅದು ಬೆಂದಿದ್ದು.”

ಓಡಿಬಂದ ಆ ದಿನ ಅವರ ಕಣ್ಣಿಗೆ ಇನ್ನೊಂದು ಬಿದ್ದಿತ್ತು. ಎಂದಿನಂತೆ ಒಂದು ಗಂಟೆಯಾದೊಡನೆ ಕಾವು ಏರಿಸುವಾಗ ಮುಳ್ಳು ಇನ್ನೂ ಮೇಲೇ ಇರುತ್ತಿತ್ತು. ಅವತ್ತು ಅದು ಬೆಳಿಗ್ಗೆ ಇದ್ದ ಜಾಗಕ್ಕೆ ಇಳಿದು ಸುಮ್ಮನಿತ್ತು. ಮುಂದಿನ ಸಲ ಅವರು ಬೇಕೆಂದೇ ಅಲ್ಲಿಯವರೆಗೆ ತಡೆದರು. ಮತ್ತೆ ಠಣ್. ಅಲ್ಲಿಂದ ಮುಂದೆ ಗಡಿಯಾರ ನೋಡಿ ಕಾವು ಏರಿಸುವುದನ್ನು ಬಿಟ್ಟರು. ಆದರೆ ಹಾಳೆ ಒಂದು ಗಂಟೆ ಎನ್ನುತ್ತಿತ್ತು, ತಾವೇ ಬರೆದ ಪುಸ್ತಕವೂ ಒಂದು ಗಂಟೆ ಎನ್ನುತ್ತಿತ್ತು. ನಿಜ ಹೇಳಬೇಕಾದರೆ ಮೊದಲ ದಿನದ ಸುಳ್ಳನ್ನೂ ಹೇಳಬೇಕು. ಅದಕ್ಕೆ ಧೈರ್ಯವಿರಲಿಲ್ಲ. ಹೆಚ್ಚಿಗೆ ಬೇಕಾದ ಹೊತ್ತನ್ನು ಅವರು ಬೆಳಗಿನ ಜಾವದಿಂದ ತೆಗೆದುಕೊಂಡರು. ಒಂದೂಕಾಲು ಗಂಟೆ ಮೊದಲೇ ಬಂದು ಕುಲುಮೆ ಹೊತ್ತಿಸಿ, ಪುಸ್ತಕದಲ್ಲಿ ಆರು ಗಂಟೆ ಎಂದು ಬರೆದರೆ ಮುಂದಿನದೆಲ್ಲ ಸರಿಹೊಂದುತ್ತಿತ್ತು. ಮಳೆಗಾಲದಲ್ಲಿ ಪುಡಿಗೆ ತೇವ ತಗುಲಿ ಪೊರೆ ದಪ್ಪವಾಗುತ್ತದೆ, ಮುಳ್ಳು ಇಳಿಯಲು ಮೂರು ಗಂಟೆ ಬೇಕು. ಹಾಗಾಗಿ ಮಳೆಗಾಲದಲ್ಲಿ ಇನ್ನೂ ಬೇಗ. ಗೇಟಿನ ಪುಸ್ತಕದಲ್ಲಿ 4:45 ಎಂದಿದೆ, ಕುಲುಮೆಯ ಪುಸ್ತಕದಲ್ಲಿ 6:00 ಎಂದಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಕೆಲಸ ಯಾರದ್ದೂ ಆಗಿರಲಿಲ್ಲ.

ನಾನು ಈ ಲೇಖನವನ್ನು ಶುರು ಮಾಡಿದ ಮುಂಜಾವು, ಕಚೇರಿಯವರು ಹೊಗಳಿದ ಶಿಸ್ತು, ಎಲ್ಲವೂ ಆ ಒಂದು ಗಂಟೆಯನ್ನು ಮುಚ್ಚಿಡಲು ಹುಟ್ಟಿದ್ದು.

ಹೊಲಿಗೆ ಯಂತ್ರ ಯಾವಾಗ ನಿಂತಿತೋ ಗೊತ್ತಿಲ್ಲ. ಯಜಮಾನರು ಬಾಯಿಂದ ಸೂಜಿ ತೆಗೆದಿದ್ದಾರೆ. ಅವರಿಗೂ ಇದು ಇವತ್ತೇ ಗೊತ್ತಾಗುತ್ತಿರುವುದು.

“ಹಾಗಾದ್ರೆ ಕ್ಯಾಲೆಂಡರ್?” ಎನ್ನುತ್ತಾರೆ ಅವರು.

ಅಕ್ಕ ಎದ್ದು ಅಡುಗೆಮನೆಯ ಗೋಡೆಯಿಂದ ಈ ವರ್ಷದ ಕ್ಯಾಲೆಂಡರ್ ತೆಗೆದು ತರುತ್ತಾರೆ. ಅಟ್ಟದ ಡಬ್ಬದಿಂದ ಹಳೆಯವು ಹದಿಮೂರು ಬರುತ್ತವೆ, ದಾರ ಕಟ್ಟಿದ ಕಟ್ಟು. ಬೇಯಿಸಿದ ದಿನದ ಚೌಕದಲ್ಲೆಲ್ಲ ಸಣ್ಣ ಸಣ್ಣ ಗೀಟುಗಳು. ಒಂದು ಗೀಟೆಂದರೆ ನಿಲುಗಡೆಯ ಕಾಲು ಗಂಟೆ. ಬೇಸಿಗೆಯಲ್ಲಿ ಏಳೆಂಟು ಗೀಟು, ಮಳೆಗಾಲದಲ್ಲಿ ಹನ್ನೆರಡು. ಕೆಳಗೆ ಒಂದು ಅಂಕಿ, ಅವತ್ತಿನ ಮೂವತ್ತರಲ್ಲಿ ಎಷ್ಟು ರಸ್ಕು ಎಂದು. ಕಾರ್ಖಾನೆಯ ಪುಸ್ತಕದಲ್ಲಿ ಬರೆಯಲಾಗದ್ದನ್ನು ಅವರು ಮನೆಗೆ ಬಂದು ಒಲೆಯ ಪಕ್ಕದ ಗೋಡೆಯ ಮೇಲೆ ಬರೆದಿದ್ದಾರೆ, ಹದಿನಾಲ್ಕು ವರ್ಷ, ಬೇಯಿಸಿದ ಒಂದು ದಿನವನ್ನೂ ಬಿಡದೆ.

“ನಾನು ಮೊಣಕಾಲು ನೋವಿನ ಗುರುತು ಅಂದ್ಕೊಂಡಿದ್ದೆ,” ಯಜಮಾನರು ನನ್ನ ಕಡೆ ತಿರುಗುತ್ತಾರೆ. “ಕೇಳಿದ್ರೆ ಹೂಂ ಅಂದಿದ್ಲು. ಗೀಟು ಜಾಸ್ತಿ ಆದ್ರೆ ನೋವು ಜಾಸ್ತಿ ಅಂತ ಎಣ್ಣೆ ತಂದುಕೊಡ್ತಿದ್ದೆ. ಮಳೆಗಾಲ ಬಂತಂದ್ರೆ ವಾರಕ್ಕೊಂದು ಸೀಸೆ!”

“ಹಚ್ಕೋತಿದ್ನಲ್ಲ,” ಎನ್ನುತ್ತಾರೆ ಅಕ್ಕ.

“ನೋವಿಲ್ಲದ ಕಾಲಿಗೆ!”

ಮಗಳು ನಕ್ಕು ನಕ್ಕು ಗೋಡೆಗೆ ಒರಗುತ್ತಾಳೆ. ಅಕ್ಕನೂ ನಗುತ್ತಾರೆ, ಆದರೆ ಬೇಗ ನಿಲ್ಲಿಸುತ್ತಾರೆ.

“ಆ ಹುಡುಗ ನನ್ನ ಪುಸ್ತಕ ನಂಬಿ ಕೆಟ್ಟ,” ಎನ್ನುತ್ತಾರೆ ಇಂಜಿನಿಯರ ಬಗ್ಗೆ. ಎದುರಿಗಿದ್ದರೆ ಸಾರ್, ಮನೆಯಲ್ಲಿ ಹುಡುಗ. “ಮೂರು ತಿಂಗಳಿಂದ ನೋಡ್ತಿದೀನಿ. ಪುಡೀದು ತಪ್ಪು, ನೀರಿಂದು ತಪ್ಪು ಅಂತ ಒದ್ದಾಡ್ತಿದಾನೆ. ನಾನು ಬಾಯಿಗೆ ಬೀಗ ಹಾಕ್ಕೊಂಡು ನಿಂತಿದೀನಿ. ಹಳೇ ಕುಲುಮೆ ಆದ್ರೆ ಬೇಗ ಬಂದು ಹೇಗೋ ಸಂಭಾಳಿಸ್ತಿದ್ದೆ. ಹೊಸದಕ್ಕೆ ನನ್ನ ಕೈಯೇ ಬೇಡ, ನಾನು ಬರೆದ ಸುಳ್ಳು ಸಾಕು.”

ಸುಮ್ಮನಿದ್ದರೆ ಏಳು ವಾರದಲ್ಲಿ ಫಲಕ ಹಿಡಿದು ಗೌರವದಿಂದ ಹೊರಬರಬಹುದಿತ್ತು. ಇಡೀ ಊರು ಕೈಗುಣ ಎಂದೇ ನೆನೆಯುತ್ತಿತ್ತು. ಇದನ್ನು ನಾನು ಹೇಳಲಿಲ್ಲ, ಅವರೇ ಹೇಳಿದರು. ಹೇಳಿ, ಮೊದಲು ಇಂಜಿನಿಯರಿಗೆ ತಿಳಿಸುತ್ತೇನೆ, ಅಲ್ಲಿಯವರೆಗೆ ಬರೆಯಬೇಡಿ ಎಂದರು. ನಾನು ಒಪ್ಪಿದೆ.

ಮರುದಿನ ಬೆಳಿಗ್ಗೆ ಅವರು ಹದಿನಾಲ್ಕು ಕ್ಯಾಲೆಂಡರುಗಳ ಕಟ್ಟನ್ನು ಇಂಜಿನಿಯರ ಮೇಜಿನ ಮೇಲಿಟ್ಟು, ನಿಂತುಕೊಂಡೇ ಎಲ್ಲವನ್ನೂ ಹೇಳುತ್ತಾರೆ. ಮುಗಿದ ಮೇಲೆ ಇಂಜಿನಿಯರು ಕ್ಯಾಲೆಂಡರಿನ ಪುಟ ತಿರುವುತ್ತಾ ಹೋಗುತ್ತಾರೆ. ಮುಖ ಕೆಂಪಗಾಗಿದೆ.

“ಹದಿನಾಲ್ಕು ವರ್ಷ ಅಕ್ಕ,” ಎನ್ನುತ್ತಾರೆ. “ನಾನು ಬಂದ ಮೇಲೇ ನಾಲ್ಕು ವರ್ಷ ಆಯ್ತು. ಒಂದು ಮಾತು ಹೇಳೋಕೆ ಆಗ್ಲಿಲ್ವಾ? ನಾನು ಏನ್ ಮಾಡ್ಬಿಡ್ತಿದ್ದೆ ನಿಮಗೆ?”

“ನೀವು ಏನೂ ಮಾಡ್ತಿರ್ಲಿಲ್ಲ ಸಾರ್. ನನಗೆ ಭಯ ಅಭ್ಯಾಸ ಆಗಿಬಿಟ್ಟಿತ್ತು.”

ಆ ದಿನ ಇಬ್ಬರೂ ಬೇರೆ ಬೇರೆ ಮೇಜಿನಲ್ಲಿ ಊಟ ಮಾಡುತ್ತಾರೆ.

ನಾಲ್ಕನೆಯ ಪ್ರಯೋಗ ಸೋಮವಾರ. ಹೊಸ ಕುಲುಮೆಯ ಪರದೆಯಲ್ಲಿ ನಿಲುಗಡೆಗೆ ಗಂಟೆಯ ಬದಲು ಇನ್ನೊಂದು ಆಜ್ಞೆ ಕೊಡಲು ಬರುತ್ತದೆ: ಒಳಗಿನ ಒತ್ತಡ ಮೊದಲಿದ್ದಲ್ಲಿಗೆ ಇಳಿದ ಮೇಲೆ ಮಾತ್ರ ಮುಂದೆ ಹೋಗು ಎಂದು. ಆ ಸೌಲಭ್ಯ ಮೊದಲ ದಿನದಿಂದಲೂ ಅದರಲ್ಲಿತ್ತು. ಬಳಸಬೇಕೆಂದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಿದ್ದ ಒಬ್ಬರು ಹೇಳಿರಲಿಲ್ಲ. ಕುಲುಮೆ ನಿಲುಗಡೆಯಲ್ಲಿ ಎರಡು ಗಂಟೆ ಹತ್ತು ನಿಮಿಷ ನಿಲ್ಲುತ್ತದೆ. ವಿಭಾಗದ ಆರೂ ಜನ ಪರದೆಯ ಮುಂದೆ ನಿಂತಿದ್ದಾರೆ. ಒಂದು ಗಂಟೆ ದಾಟಿದಾಗ ಯಾರೋ ಕೆಮ್ಮುತ್ತಾರೆ.

ಮಂಗಳವಾರ ಕುಲುಮೆ ತೆರೆದಾಗ ಇಂಜಿನಿಯರು ಅಕ್ಕನ ಕಡೆ ಕೈ ಚಾಚುತ್ತಾರೆ. ಅಕ್ಕ ಡಬ್ಬಿಯಿಂದ ಚಮಚ ತೆಗೆದು ಕೊಡುತ್ತಾರೆ. ಇಂಜಿನಿಯರೇ ತಟ್ಟುತ್ತಾ ಹೋಗುತ್ತಾರೆ. ಠಣ್. ಠಣ್. ಹನ್ನೊಂದನೆಯದು ದೊಪ್ ಎನ್ನುತ್ತದೆ. ಹನ್ನೆರಡು ಠಣ್. ಮೂವತ್ತನೆಯದರವರೆಗೂ ಠಣ್. ಮೂವತ್ತಕ್ಕೆ ಇಪ್ಪತ್ತೊಂಬತ್ತು. ಅಚ್ಚಿನಲ್ಲಿ ಪುಡಿ ಒತ್ತುವ ಕೆಲಸಗಾರ್ತಿ ಅಕ್ಕನ ಹೆಗಲು ಹಿಡಿದುಕೊಂಡು ಅಳುತ್ತಾರೆ. ಮನೆಯಲ್ಲಿ ಇಬ್ಬರು ಸ್ಕೂಲಿಗೆ ಹೋಗುವ ಮಕ್ಕಳಿರುವ ಹೆಂಗಸು.

ವಿಭಾಗ ಉಳಿಯಿತು. ಅಕ್ಕನ ಹೆಸರು ಅಷ್ಟು ಸುಲಭವಾಗಿ ಉಳಿಯಲಿಲ್ಲ. ಹದಿನಾಲ್ಕು ವರ್ಷ ಸುಳ್ಳು ಬರೆದದ್ದಕ್ಕೆ ವಿವರಣೆ ಕೊಡಿ ಎಂದು ಕಚೇರಿಯಿಂದ ಪತ್ರ ಬಂತು. ಅವರು ನಾಲ್ಕು ಸಾಲಿನ ಉತ್ತರ ಕೊಟ್ಟರು, ಕೊನೆಯ ಸಾಲು ‘ತಪ್ಪು ನನ್ನದು’. ಎಚ್ಚರಿಕೆ ಕೊಟ್ಟು ಮುಗಿಸಿದರು. ‘ಶಿಸ್ತಿನ ಕೆಲಸಗಾರ್ತಿ’ ಫಲಕ ಕಪಾಟಿನಲ್ಲೇ ಉಳಿಯಿತು. ಬೇರೆ ಯಾರಿಗಾದರೂ ಕೊಡೋಣವೆಂದರೆ ಹೆಸರು ಕೆತ್ತಿಸಿಯಾಗಿದೆ.

“ಬೇಜಾರಾಗಿಲ್ಲ ಅಂದ್ರೆ ಅದೂ ಸುಳ್ಳಾಗುತ್ತೆ,” ಎನ್ನುತ್ತಾರೆ ಅಕ್ಕ. “ಸುಳ್ಳು ಸಾಕು. ಬೇಜಾರಾಗಿದೆ. ಆದ್ರೆ ನಿದ್ದೆ ಬರ್ತಿದೆ.”

ನಿದ್ದೆ ಬರಲು ಇನ್ನೊಂದು ಕಾರಣವೂ ಇದೆ, ಈಗ ಅವರು ಐದು ಗಂಟೆಗೆ ಏಳುತ್ತಾರೆ.

ಇಂಜಿನಿಯರು ಹದಿನಾಲ್ಕು ಕ್ಯಾಲೆಂಡರುಗಳ ಗೀಟುಗಳನ್ನು ಎಣಿಸಿ, ಪುಡಿಯ ಡಬ್ಬ ತೆರೆದ ದಿನಗಳ ಲೆಕ್ಕದ ಜೊತೆ ಇಟ್ಟು ಒಂದು ನಕ್ಷೆ ಮಾಡಿದ್ದಾರೆ. ಯಾವ ತಿಂಗಳು ಪುಡಿಗೆ ಎಷ್ಟು ಹೊತ್ತು ಬೇಕು, ಡಬ್ಬ ತೆರೆದು ಎಷ್ಟು ದಿನವಾದರೆ ನಿಲುಗಡೆ ಎಷ್ಟು ಉದ್ದವಾಗುತ್ತದೆ, ಎಲ್ಲ ಅದರಲ್ಲಿದೆ. ಪುಡಿಯ ಡಬ್ಬಗಳಿಗೆ ಈಗ ಗಾಳಿಯಾಡದ ಮುಚ್ಚಳ ಬಂದಿದೆ, ಒತ್ತುವ ಮೊದಲು ಪುಡಿ ಒಣಗಿಸುತ್ತಾರೆ. ನಿಲುಗಡೆ ಮಳೆಯಲ್ಲೂ ಎರಡು ಗಂಟೆ ದಾಟುತ್ತಿಲ್ಲ. “ಇಷ್ಟು ಮಾಹಿತಿ ದುಡ್ಡು ಕೊಟ್ರೂ ಸಿಗಲ್ಲ,” ಎನ್ನುತ್ತಾರೆ. ಸಿಟ್ಟು ಪೂರ್ತಿ ಹೋಗಿದೆಯೇ ಎಂದು ಕೇಳಿದರೆ, “ಪೂರ್ತಿ ಇಲ್ಲ,” ಎಂದು ನಗುತ್ತಾರೆ. ಊಟ ಮಾತ್ರ ಮತ್ತೆ ಒಂದೇ ಮೇಜಿನಲ್ಲಿ. ಗೋಡೆಗೆ ಹೊಸ ಹಾಳೆ ಬಂದಿದೆ. ನಿಲುಗಡೆಯ ಸಾಲಿನಲ್ಲಿ ಗಂಟೆ ಇಲ್ಲ. ‘ಒತ್ತಡ ಮೊದಲಿದ್ದಲ್ಲಿಗೆ ಇಳಿಯುವವರೆಗೆ’ ಎಂದು ಅಚ್ಚಾಗಿದೆ. ಅದರ ಪಕ್ಕ ಯಾರೋ ಪೆನ್ನಿನಲ್ಲಿ ‘ತಡೀರಿ’ ಎಂದು ಬರೆದಿದ್ದಾರೆ.

ಏನಾದರೂ ಆಸೆ ಇದೆಯೇ ಎಂದು ಇಂಥ ಲೇಖನದ ಕೊನೆಯಲ್ಲಿ ಕೇಳುವುದು ರೂಢಿ. ಅಕ್ಕ ಯೋಚಿಸಿ ಹೇಳುತ್ತಾರೆ: “ನನ್ನ ಪುಸ್ತಕ ಇಟ್ಟಿರೋ ಕಪಾಟಿನಲ್ಲೇ ಆ ಕ್ಯಾಲೆಂಡರ್‌ಗಳನ್ನೂ ಇಡ್ಲಿ. ಯಾರಾದ್ರೂ ಪುಸ್ತಕ ತೆಗೆದ್ರೆ ಪಕ್ಕದಲ್ಲೇ ನಿಜಾನೂ ಸಿಗ್ಲಿ.” ಇಂಜಿನಿಯರು ಆಗಲೇ ಇಟ್ಟಿದ್ದಾರೆ. ಆದರೆ ಈ ವರ್ಷದ್ದು ಅಡುಗೆಮನೆಗೆ ವಾಪಸ್ ಬಂದಿದೆ, ಯಜಮಾನರು ಅದರಲ್ಲಿ ಗಿರಾಕಿಗಳ ಪ್ಯಾಂಟಿನ ದಿನ ಗುರುತು ಹಾಕಲು ಶುರು ಮಾಡಿದ್ದಾರೆ.

ಕೊನೆಯ ಸಲ ನಾನು ಹೋದಾಗ ಅವರಿಗೆ ಒಂಬತ್ತು ದಿನದ ಕೆಲಸ ಉಳಿದಿದೆ. ಕಾವಲುಗಾರ ಅಭ್ಯಾಸಬಲದಿಂದ ನಾಲ್ಕೂ ಮುಕ್ಕಾಲಿಗೇ ಗೇಟು ತೆರೆದು ಕೂತು, ಬರುವವರಿಲ್ಲದೆ ಆಕಳಿಸುತ್ತಿದ್ದಾನೆ. ಅಕ್ಕ ಆರಕ್ಕೆ ಐದು ನಿಮಿಷವಿರುವಾಗ ಬರುತ್ತಾರೆ. ಬೆಳಕು ಹರಿದಿದೆ. ಕೊಳಾಯಿ ಮುಟ್ಟುತ್ತಾರೆ, ಪಂಪಿನ ಸದ್ದು ಕೇಳುತ್ತಾರೆ, ಪರದೆ ನೋಡುತ್ತಾರೆ, ಗುಂಡಿ ಒತ್ತುತ್ತಾರೆ. ಇಂಜಿನಿಯರು ಪುಸ್ತಕ ತೆರೆದು ಅವರ ಮುಂದೆ ಸರಿಸುತ್ತಾರೆ. ಅಕ್ಕ ಕನ್ನಡಕ ಏರಿಸಿ ಗೋಡೆಯ ಗಡಿಯಾರದ ಕಡೆ ತಿರುಗುತ್ತಾರೆ.

“ಆರು ಅಂತಾನೇ ಬರೀರಿ ಅಕ್ಕ,” ಇಂಜಿನಿಯರು ಆತುರದಲ್ಲಿದ್ದಾರೆ. “ಎರಡು ನಿಮಿಷಕ್ಕೇನು ಬಂತು?”

“ತಡೀರಿ ಸಾರ್,” ಎನ್ನುತ್ತಾರೆ ಅಕ್ಕ. ಪೆನ್ನಿನ ಮುಚ್ಚಳ ತೆಗೆದು, ದುಂಡಗೆ, ಒಂದೊಂದೇ ಅಂಕಿ ಬರೆಯುತ್ತಾರೆ. 6:02.